ಲೊಯ್ಕರ್‌ಬಾಡ್ ಮತ್ತು ಬಾಡ್ ರಾಗಾಟ್ಸ್: ಆಲ್ಪ್ಸ್‌ನ ಎರಡು ಬಿಸಿನೀರ ಊರುಗಳು
ಸ್ವಿಟ್ಜರ್‌ಲ್ಯಾಂಡಿನ ಲೊಯ್ಕರ್‌ಬಾಡ್‌ನಲ್ಲಿ ನೀರು 51 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೆಲದಿಂದ ಉಕ್ಕುತ್ತದೆ. ಅದೇ ದೇಶದ ಬಾಡ್ ರಾಗಾಟ್ಸ್‌ಗೆ ತಮೀನಾ ಕಮರಿಯಿಂದ ಬರುವ ನೀರಿನ ಬಿಸಿ 36.5 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನಮ್ಮ ಮೈಯ ಬಿಸಿಯಷ್ಟೇ. ಎರಡೂ ಕಡೆ ಮಿಂದು ಬಂದ ಮೇಲೆ, ಈ ಊರುಗಳ ಉಳಿದೆಲ್ಲ ವ್ಯತ್ಯಾಸಗಳಿಗಿಂತ ಈ ಅಂತರವೇ ದೊಡ್ಡದೆಂದು ನನಗೆ ಅನ್ನಿಸಿದೆ.

ಲೊಯ್ಕರ್‌ಬಾಡ್ ಇರುವುದು 1,411 ಮೀಟರ್ ಎತ್ತರದಲ್ಲಿ, ಗೆಮ್ಮಿ ಕಣಿವೆದಾರಿಯ ಕಡಿದಾದ ಬಂಡೆಗಳ ಬುಡದಲ್ಲಿ. ಹಂಡೆಯ ಕುದಿನೀರನ್ನು ನಾವು ಹದಮಾಡಿಕೊಳ್ಳುವಂತೆ ಅಲ್ಲಿಯೂ ನೀರನ್ನು ತಣಿಸಿಯೇ ಕೊಳಗಳಿಗೆ ಬಿಡುತ್ತಾರೆ. ಹಾಗಾಗಿ ಒಂದೇ ಸ್ನಾನಗೃಹದಲ್ಲಿ ಹಲವು ಹದದ ಕೊಳಗಳು ಸಿಗುತ್ತವೆ. ಜನವರಿಯ ಸಂಜೆ ಕತ್ತಿನವರೆಗೆ ಬಿಸಿನೀರಿನಲ್ಲಿ ಕುಳಿತಿದ್ದಾಗ ತಲೆಗೂದಲ ಮೇಲೆ ಹಿಮ ಬೀಳುತ್ತಿತ್ತು, ಆವಿಯ ನಡುವೆ ಬಂಡೆ ಕಾಣಿಸಿ ಮರೆಯಾಗುತ್ತಿತ್ತು. ಆದರೆ ಅತಿ ಬಿಸಿಯ ಕೊಳದಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎದೆ ಬಡಿತ ಏರಿ ಎದ್ದುಬಂದೆ.

ಬಾಡ್ ರಾಗಾಟ್ಸ್‌ನ ಕಥೆ ಊರಿನಲ್ಲಿಲ್ಲ, ಕಮರಿಯಲ್ಲಿದೆ. ಹತ್ತಿರದ ಫೇಫರ್ಸ್‌ನಲ್ಲಿದ್ದ ಬೆನೆಡಿಕ್ಟೈನ್ ಕ್ರೈಸ್ತ ಸನ್ಯಾಸಿಗಳ ಮಠದ ಬೇಟೆಗಾರರು ಸುಮಾರು 1240ರಲ್ಲಿ ಈ ಬುಗ್ಗೆಯನ್ನು ಕಂಡರೆಂದು ಐತಿಹ್ಯ. ದಾರಿಯೇ ಇಲ್ಲದ ಆ ಆಳಕ್ಕೆ ರೋಗಿಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಇಳಿದವರು ದಿನಗಟ್ಟಲೆ ನೀರಿನಲ್ಲಿಯೇ ಉಳಿದು, ಅಲ್ಲಿಯೇ ಉಂಡು, ಅಲ್ಲಿಯೇ ನಿದ್ರಿಸುತ್ತಿದ್ದರು. ವೈದ್ಯ ಪ್ಯಾರಾಸೆಲ್ಸಸ್ 1535ರಲ್ಲಿ ಇಲ್ಲಿದ್ದು ಈ ನೀರಿನ ಗುಣಗಳ ಬಗ್ಗೆ ಬರೆದ. ಕೊಳವೆಗಳ ಮೂಲಕ ನೀರು ಕೆಳಗಿನ ರಾಗಾಟ್ಸ್‌ಗೆ ಇಳಿದದ್ದು 1840ರಲ್ಲಿ. ಸಾಮಾನ್ಯ ಹಳ್ಳಿಯೊಂದು ಆರೋಗ್ಯಧಾಮವಾಗಿ ಹೆಸರಾದದ್ದು ಆ ಮೇಲೆ.

ಜೂನ್ ತಿಂಗಳಲ್ಲಿ ನಾನು ಊರಿನಿಂದ ತಮೀನಾ ನದಿಯ ಗುಂಟ ಕಮರಿಗೆ ನಡೆದುಹೋದೆ. ತಲೆಯ ಮೇಲೆ ಬಂಡೆಗೋಡೆಗಳು ಒಂದನ್ನೊಂದು ಮುಟ್ಟುವಷ್ಟು ಬಾಗಿವೆ. ನದಿಯ ತಂಪಿನ ನಡುವೆ ಬುಗ್ಗೆಯ ಸುರಂಗದಿಂದ ಬೆಚ್ಚನೆಯ ಉಸಿರು ಬರುತ್ತದೆ. ಮರಳಿ ಬಂದು ಊರಿನ ಕೊಳಕ್ಕಿಳಿದಾಗ ನೀರು ಬಿಸಿಯೂ ಅನ್ನಿಸಲಿಲ್ಲ, ತಣ್ಣಗೂ ಅನ್ನಿಸಲಿಲ್ಲ. ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಹಗ್ಗ ಹಿಡಿದು ಇಳಿದವರು ದಿನಗಟ್ಟಲೆ ನೀರಿನಲ್ಲಿ ಹೇಗಿದ್ದರೆಂಬ ಪ್ರಶ್ನೆಗೆ ನನಗೆ ಅಲ್ಲಿ ಉತ್ತರ ಸಿಕ್ಕಿತು.

ಹಿಮದ ನಡುವೆ ಮೈ ಕಾಯಿಸಿಕೊಳ್ಳುವ ಸುಖಕ್ಕೆ ಲೊಯ್ಕರ್‌ಬಾಡ್‌ಗೆ ಸಾಟಿಯಿಲ್ಲ. ಆದರೂ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನನ್ನ ಆಯ್ಕೆ ರಾಗಾಟ್ಸ್. ಚಳಿಗಾಲದಲ್ಲಿ ಕಮರಿಯ ದಾರಿ ಮುಚ್ಚಿರುವುದರಿಂದ ಬೇಸಿಗೆಯಲ್ಲಿಯೇ ಹೋಗಬೇಕು, ಕಮರಿಯನ್ನು ನೋಡಿದ ಮೇಲೆಯೇ ನೀರಿಗಿಳಿಯಬೇಕು.