"ಒಮ್ಮೆಯೂ ಹಾಕಿಲ್ಲ, ಬಾಕ್ಸ್ ಪೀಸ್" ಅನ್ನೋ ಟ್ರೆಕ್ಕಿಂಗ್ ಬೂಟು ತಗೊಳ್ಳೋ ಮೊದಲು ಇದನ್ನು ಓದಿ

ಪೂರ್ತಿ ಓದಲು ಪುರಸೊತ್ತಿಲ್ಲದವರು ಇಷ್ಟಾದರೂ ನೆನಪಿಟ್ಟುಕೊಳ್ಳಿ: ತಯಾರಾದ ತಿಂಗಳು, ವರ್ಷ ಕೇಳದೆ ಟ್ರೆಕ್ಕಿಂಗ್ ಬೂಟು ಕೊಳ್ಳಬೇಡಿ. ಬಾಕ್ಸ್ ಗರಿಗರಿಯಾಗಿರಲಿ, ಲೇಸು ಬಿಚ್ಚದೇ ಇರಲಿ, ಅಟ್ಟೆಗೆ ಒಂದು ಚುಕ್ಕೆ ಮಣ್ಣು ತಾಗದೇ ಇರಲಿ, ಆದರೂ ಕೇಳಿ. ಕಾರ್ಖಾನೆಯಲ್ಲಿ ಅಟ್ಟೆಯ ಫೋಮ್ ಅಚ್ಚಿನಿಂದ ಹೊರಬಂದ ದಿನವೇ ಬೂಟಿನ ವಯಸ್ಸು ಶುರು. ನೀವು ಯಾವತ್ತು ಕಾಲು ಹಾಕಿದಿರಿ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಾನು ಕೇಳಲಿಲ್ಲ. ಬೂಟು ಆರಿಸುವುದು ಹೇಗೆ ಅಂತ ನಾಲ್ಕು ಜನಕ್ಕೆ ಹೇಳಿಕೊಡುವವನು, ನಾನೇ ಕೇಳಲಿಲ್ಲ. ಆ ನಾಚಿಕೆ, ಆಮೇಲೆ ಬಂದ ಉತ್ತರಗಳಿಗೆ ಉರಿದ ಮೈ, ಎರಡೂ ಸೇರಿ ಇದನ್ನು ಬರೆಸುತ್ತಿವೆ.

ಆದದ್ದಿಷ್ಟು. ಹಳೆ ಸ್ಟಾಕ್ ಮಾರುವವರೊಬ್ಬರ ಹತ್ತಿರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕಾಲ್ಗಿಣ್ಣು ಮುಚ್ಚುವ ಪೂರ್ತಿ ಚರ್ಮದ ಬೂಟು. ಚರ್ಮ 2.6 ಮಿಲಿಮೀಟರ್ ದಪ್ಪ, ಹೊಲಿಗೆ ಅಚ್ಚುಕಟ್ಟು, ಲೇಸಿನ ಕೊಕ್ಕೆ ಗಟ್ಟಿ, ತಳದ ರಬ್ಬರಿನ ಹಲ್ಲು ಚೂಪು. ಕಣ್ಣಿಗೆ ಒಂದು ಕೊರತೆ ಕಾಣುವುದಿಲ್ಲ. ಹಾಕಿಕೊಂಡು ಹೋದ ಟ್ರೆಕ್ಕಿಂಗ್‌ನ ಎರಡನೇ ದಿನದ ಇಳಿಜಾರಿನಲ್ಲಿ ಎಡಗಾಲಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಬಾಯಿ ಬಿಟ್ಟಿತು. ಒಂದು ಗಂಟೆಯೊಳಗೆ ಬಲಗಾಲಿನದೂ. ಎರಡೂ ಒಂದೇ ದಿನ. ಇದೇ ದೊಡ್ಡ ಸುಳಿವು. ಅಂಟು ಹಚ್ಚುವಾಗ ತಪ್ಪಾಗಿದ್ದರೆ ಸಾಮಾನ್ಯವಾಗಿ ಒಂದು ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಜೋಡಿ ಒಟ್ಟಿಗೇ ಹೋದರೆ ಒಳಗಿನ ಪದರವೇ ಸತ್ತಿದೆ ಅಂತ ಅರ್ಥ.

ಕಳಚಿಬಿದ್ದ ಅಟ್ಟೆಯನ್ನು ಎತ್ತಿ ನೋಡಿ, ಬೇರೆ ಯಾರ ಮಾತೂ ಬೇಕಾಗಿಲ್ಲ. ಅಂಟು ಬಿಟ್ಟಿದ್ದರೆ ಎರಡೂ ಮುಖ ನುಣುಪಾಗಿರುತ್ತವೆ, ಒಂದು ಕಡೆ ಹಳದಿ ಅಂಟಿನ ಪೊರೆ ಹಾಗೇ ಕಾಣುತ್ತದೆ. ಇಲ್ಲಿ ಹಾಗಿರಲಿಲ್ಲ. ಬೂಟಿನ ತಳದಲ್ಲೂ ಫೋಮ್, ರಬ್ಬರಿನ ಮೇಲೂ ಫೋಮ್, ನಡುವೆ ಒರಟೊರಟಾಗಿ ಹರಿದ ಮುಖ. ಅಂಟು ತನ್ನ ಕೆಲಸ ಬಿಟ್ಟಿರಲೇ ಇಲ್ಲ, ಫೋಮ್ ತನ್ನ ಮೈಯಲ್ಲೇ ಸೀಳಿತ್ತು. ಹೆಬ್ಬೆರಳಿನಿಂದ ಉಜ್ಜಿದರೆ ಗೆದ್ದಲು ತಿಂದ ಮರದ ಹಾಗೆ ಪುಡಿ ಉದುರಿತು, ಕೆಲವು ಕಡೆ ಕೈಗೆ ಜಿಗಿಜಿಗಿ ಅಂಟಿತು. ಮೇಲಿನ ಚರ್ಮಕ್ಕೆ ಏನೂ ಆಗಿರಲಿಲ್ಲ. ಕೆಳಗಿನ ರಬ್ಬರಿಗೂ ಏನೂ ಆಗಿರಲಿಲ್ಲ. ನಡುವಿನ ಪದರ ಮಾತ್ರ ಇಲ್ಲವಾಗಿತ್ತು.

ಈ ನಡುವಿನ ಪದರಕ್ಕೆ ಮಿಡ್‌ಸೋಲ್ ಅನ್ನುತ್ತಾರೆ. ಭಾರ ಹೊತ್ತು ನಡೆಯುವ ಬೂಟುಗಳಲ್ಲಿ ಇದು ಬಹುಪಾಲು ಪಾಲಿಯುರೆಥೇನ್, ಬಾಯಿಮಾತಿನಲ್ಲಿ ಪಿಯು. ಇದು ಬಹಳ ಒಳ್ಳೆಯ ವಸ್ತು, ಅದರಲ್ಲಿ ಅನುಮಾನ ಬೇಡ. ಬೆನ್ನಿಗೆ ಭಾರ ಹೇರಿಕೊಂಡು ದಿನಗಟ್ಟಲೆ ನಡೆದರೂ ಚಪ್ಪಟೆಯಾಗುವುದಿಲ್ಲ, ಕಲ್ಲಿನ ಮೊನೆ ಪಾದಕ್ಕೆ ಗೊತ್ತಾಗುವುದಿಲ್ಲ. ಆದರೆ ಪಾಲಿಯೆಸ್ಟರ್ ಬಗೆಯ ಪಿಯುವಿಗೆ ಗಾಳಿಯ ತೇವವೇ ಶತ್ರು. ನೀರಿನ ಆವಿ ಒಳಹೊಕ್ಕು ಅದರ ಉದ್ದನೆಯ ಅಣು ಸರಪಣಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಇದೇ ಹೈಡ್ರಾಲಿಸಿಸ್. ಸೆಕೆ ಹೆಚ್ಚಿದಷ್ಟೂ, ತೇವ ಹೆಚ್ಚಿದಷ್ಟೂ ಬೇಗ. ಬಾಕ್ಸ್‌ನಲ್ಲಿಟ್ಟರೂ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ತೇವದ ಸಮೇತ ಕಟ್ಟಿಟ್ಟರಂತೂ ಇನ್ನೂ ಬೇಗ. ತಯಾರಾದ ದಿನದಿಂದ ಸುಮಾರು 5ರಿಂದ 10 ವರ್ಷ ಅನ್ನುವುದು ಈ ವ್ಯವಹಾರ ಬಲ್ಲವರೆಲ್ಲ ಇಟ್ಟುಕೊಂಡಿರುವ ಲೆಕ್ಕ. ಪಾಲಿಈಥರ್ ಬಗೆಯದು ತೇವವನ್ನು ಹೆಚ್ಚು ತಡೆಯುತ್ತದೆ, ಆದರೆ ಯಾವ ಬೂಟಿನಲ್ಲಿ ಯಾವುದಿದೆ ಅಂತ ಬಾಕ್ಸ್ ಮೇಲೆ ಬರೆದಿರುವುದಿಲ್ಲ.

ಬೂಟಿನ ನಾಲಗೆ, ಅಂದರೆ ಲೇಸಿನ ಕೆಳಗಿರುವ ಪಟ್ಟಿ, ಅದರ ಒಳಬದಿಯ ಚೀಟಿ ತಿರುಗಿಸಿ ನೋಡಿದಾಗ ಸೈಜಿನ ಕೆಳಗೆ ಸಣ್ಣಕ್ಷರದಲ್ಲಿ ತಿಂಗಳು, ವರ್ಷ. ಒಂಬತ್ತು ವರ್ಷ ಹಿಂದಿನದು. ಒಂಬತ್ತು! ಮೋಸ ಹೋಗಿದ್ದೇನೆ ಅಂತ ಖಾತ್ರಿಯಾದ ಗಳಿಗೆ ಅದು. ಅಟ್ಟೆ ಕಳಚಿದಾಗ ಕೂಡ ಅಷ್ಟು ಸಿಟ್ಟು ಬಂದಿರಲಿಲ್ಲ. ಜಾಹೀರಾತಿನ ಹನ್ನೆರಡು ಫೋಟೊಗಳನ್ನು ಮತ್ತೆ ತೆಗೆದು ನೋಡಿದರೆ ತಳ ಇದೆ, ಬದಿ ಇದೆ, ಕೊಕ್ಕೆ ಇದೆ, ನಾಲಗೆಯ ಚೀಟಿಯೂ ಇದೆ. ಆದರೆ ಚೀಟಿಯ ಕೆಳಗಿನ ಅರ್ಧದ ಮೇಲೆ ಲೇಸು ಅಡ್ಡ ಬಿದ್ದಿದೆ. ಸೈಜು ಕಾಣುತ್ತದೆ, ವರ್ಷ ಕಾಣುವುದಿಲ್ಲ. ಲೇಸು ತಾನಾಗಿ ಹೋಗಿ ಸರಿಯಾಗಿ ಅಲ್ಲಿ ಬೀಳುವುದಿಲ್ಲ.

ಇನ್ನು ಮಾರಿದವರ ಉತ್ತರಗಳು. ಬಂದ ಕ್ರಮದಲ್ಲೇ ಹಾಕುತ್ತೇನೆ, ಯಾಕೆಂದರೆ ನಿಮಗೂ ಇವೇ ಬರುತ್ತವೆ.

"ಅಂಟು ಬಿಟ್ಟಿರೋದು ಅಷ್ಟೇ ಸರ್, ಎಲ್ಲಾದ್ರೂ ಅಂಟಿಸಿಕೊಳ್ಳಿ." ಏನಕ್ಕೆ ಅಂಟಿಸುವುದು? ಪುಡಿಯಾಗುತ್ತಿರುವ ಫೋಮಿಗೆ ಎಷ್ಟೇ ಗಟ್ಟಿ ಅಂಟು ಹಚ್ಚಿದರೂ ಅಂಟಿನ ಜೊತೆಗೆ ಒಂದು ಪದರ ಪುಡಿ ಎದ್ದು ಬರುತ್ತದೆ. ಹಳೆ ಫೋಮನ್ನು ಪೂರ್ತಿ ಕೆರೆದು ತೆಗೆದು, ಹೊಸ ಮಿಡ್‌ಸೋಲ್, ಹೊಸ ರಬ್ಬರ್ ಎರಡನ್ನೂ ಕೂರಿಸಬೇಕು. ಅದಕ್ಕೆ ಬೂಟಿನ ಅಳತೆಯ ಅಚ್ಚು ಬೇಕು, ಒತ್ತುವ ಯಂತ್ರ ಬೇಕು, ಆ ಕೆಲಸ ಬಲ್ಲ ಕೈ ಬೇಕು.

"ನೀರಿಗೆ ಇಳಿಸಿದ್ರಾ?" ವಾಟರ್‌ಪ್ರೂಫ್ ಅಂತ ದಪ್ಪಕ್ಷರದಲ್ಲಿ ಬರೆದು ಮಾರಿದವರು ಕೇಳಿದ ಪ್ರಶ್ನೆ ಇದು. ಎರಡು ದಿನ ತೊಯ್ದರೆ ಪಿಯು ಪುಡಿಯಾಗುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನು ಅದು ಕಳೆದದ್ದು ನಿಮ್ಮ ಗೋದಾಮಿನಲ್ಲಿ.

"ರಬ್ಬರ್ ನೋಡಿ ಸರ್, ಎಷ್ಟು ಹೊಸದಾಗಿದೆ." ಹೌದು, ಹೊಸದಾಗಿದೆ. ಇಟಲಿಯ ವಿಟಾಲೆ ಬ್ರಮಾನಿ 1937ರಲ್ಲಿ ಪರ್ವತಾರೋಹಿಗಳಿಗಾಗಿ ರಬ್ಬರಿನ ಹಲ್ಲಿನ ತಳ ತಂದ ಕಾಲದಿಂದಲೂ ಜನ ಬೂಟು ತಿರುಗಿಸಿ ತಳ ನೋಡಿಯೇ ಬೆಲೆ ಕಟ್ಟುತ್ತಾರೆ. ಮಾರುವವರಿಗೂ ಅದು ಗೊತ್ತು. ಆದರೆ ತಳದ ರಬ್ಬರು ಬೇರೆ, ಅದರ ಮೇಲಿನ ಫೋಮು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಮಾರಬೇಡಿ.

"ಒಂದ್ಸಲಾನೂ ಹಾಕದೇ ಇರೋದು ಹೊಸದೇ ಅಲ್ವಾ ಸರ್?" ಇದನ್ನು ಓದಿ ಎರಡು ನಿಮಿಷ ಏನೂ ಬರೆಯಲಾಗಲಿಲ್ಲ. ಯಾಕೆಂದರೆ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಯಾರೂ ಹಾಕಿರಲಿಲ್ಲ. ಸತ್ಯದ ಒಂದು ತುಂಡನ್ನು ಮುಂದಿಟ್ಟು ಉಳಿದದ್ದನ್ನು ಲೇಸಿನ ಕೆಳಗೆ ಮುಚ್ಚಿಟ್ಟಿದ್ದರು.

ಕೊನೆಯದು: "ತಯಾರಾದ ವರ್ಷ ನೀವು ಕೇಳಲೇ ಇಲ್ಲವಲ್ಲ." ಅಲ್ಲಿಗೆ ಕೈ ತೊಳೆದುಕೊಂಡರು. ಆಮೇಲೆ ಉತ್ತರವಿಲ್ಲ. ಕೇಳಲಿಲ್ಲ, ನಿಜ. ಅದಕ್ಕೇ ನೀವು ಕೇಳಿ.

ಹೇಗೆ ಕೇಳಬೇಕು ಅಂದರೆ, "ಎಷ್ಟು ಹಳೆಯದು" ಅಂತ ಕೇಳಬೇಡಿ, "ಈಗಷ್ಟೇ ಬಂದ ಸ್ಟಾಕ್" ಅನ್ನುತ್ತಾರೆ. ನಾಲಗೆಯ ಒಳಗಿನ ಚೀಟಿಯ ಪೂರ್ತಿ ಫೋಟೊ ಕೇಳಿ, ಎರಡೂ ಬೂಟಿನದು. ಕೆಲವು ತಳಗಳಲ್ಲಿ ಬಾಣದ ಗುರುತಿರುವ ಒಂದು ಸಣ್ಣ ವೃತ್ತ ಇರುತ್ತದೆ: ನಡುವಿನ ಅಂಕಿ ವರ್ಷ, ಬಾಣ ತೋರಿಸುವುದು ತಿಂಗಳು. ಆದರೆ ಅದು ಆ ರಬ್ಬರಿನ ಅಚ್ಚಿನ ದಿನಾಂಕ, ಬೂಟಿನದಲ್ಲ, ಹಾಗಾಗಿ ಚೀಟಿಯನ್ನೇ ನಂಬಿ. 3 ವರ್ಷ ದಾಟಿದ್ದರೆ ನಾನಂತೂ ಇನ್ನು ಮುಟ್ಟುವುದಿಲ್ಲ, ಬೆಲೆ ಎಷ್ಟೇ ಇಳಿದಿರಲಿ.

ಬೂಟು ಕೈಗೆ ಬಂದ ಮೇಲೆ ಬೆಳಕಿನಲ್ಲಿ ಮಿಡ್‌ಸೋಲಿನ ಬದಿ ನೋಡಿ. ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಗುರುತು ಮೆಲ್ಲಗೆ ತುಂಬಿಕೊಂಡು ಮಾಯವಾಗಬೇಕು. ಹಾಗೇ ಉಳಿದರೆ, ಚಕ್ಕೆ ಎದ್ದರೆ, ಜಿಗುಟೆನಿಸಿದರೆ ವಾಪಸ್ ಕಳಿಸಿ. ಆಮೇಲೆ ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ಮುಂಭಾಗ ಹಿಡಿದು 20-30 ಸಲ ಬಾಗಿಸಿ, ಬೆರಳಿನ ಬುಡ ಬಾಗುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದಾ ನೋಡಿ. ಬದಿಗೆ ರಬ್ಬರಿನ ಪಟ್ಟಿ ಸುತ್ತಿದ್ದರೆ ಫೋಮ್ ಕಾಣುವುದೇ ಇಲ್ಲ. ಅಂಥದ್ದರಲ್ಲಿ ಈ ಪರೀಕ್ಷೆಗಳು ಕೈಕೊಡುತ್ತವೆ, ಚೀಟಿಯೊಂದೇ ಗತಿ. ಇವೆಲ್ಲದರಲ್ಲಿ ಪಾಸಾದ ಹಳೆ ಬೂಟು ಕೂಡ ಭಾರ ಬಿದ್ದಾಗ ಹರಿಯಬಹುದು. ಹಾಗಾಗಿ ದೂರದ ದಾರಿಗೆ ಹೊರಡುವ ಮೊದಲು ಒಂದು ವಾರ ಭಾರ ಹೊತ್ತು ಮೆಟ್ಟಿಲು ಹತ್ತಿಳಿಯಿರಿ. ಹರಿಯುವುದಿದ್ದರೆ ಮನೆಯ ಹತ್ತಿರವೇ ಹರಿಯಲಿ.

"ವೆಲ್ಟ್ ಹೊಲಿಗೆ ಇದೆ, ಅಟ್ಟೆ ಬೀಳೋದೇ ಇಲ್ಲ" ಅಂತಲೂ ಹೇಳುತ್ತಾರೆ. ವೆಲ್ಟ್ ಅಂದರೆ ಬೂಟಿನ ಅಂಚಿನ ಸುತ್ತ ಮೇಲ್ಭಾಗವನ್ನೂ ತಳವನ್ನೂ ಸೇರಿಸಿ ಹೊಲಿಯುವ ಪಟ್ಟಿ. ಹೊಲಿಗೆ ಇದ್ದರೆ ಅಟ್ಟೆ ಬದಲಿಸುವುದು ಸುಲಭ, ಅದು ಸರಿ. ಆದರೆ ಹೊಲಿಗೆಯ ಕೆಳಗೆ ಪಿಯು ಪದರ ಇದ್ದರೆ ಅದೂ ಹೀಗೇ ಪುಡಿಯಾಗುತ್ತದೆ. ಹೊಲಿಗೆ ಉಳಿಯುತ್ತದೆ, ಅಟ್ಟೆ ಹೋಗುತ್ತದೆ. ಹಗುರ ಬೂಟುಗಳಲ್ಲಿರುವ ಇವಿಎ ಫೋಮಿಗೆ ಹೈಡ್ರಾಲಿಸಿಸ್ ಭಯವಿಲ್ಲ. ಅದು ಬಳಸಿದ ಹಾಗೆ ಚಪ್ಪಟೆಯಾಗುತ್ತದೆ, ಬದಿಯಲ್ಲಿ ಅಡ್ಡ ಸುಕ್ಕು ಕಾಣುತ್ತವೆ. ಹಳೆ ಸ್ಟಾಕ್ ಕೊಳ್ಳಲೇಬೇಕು ಅನ್ನುವವರು ಇವಿಎ ಇರುವುದನ್ನು ಹುಡುಕಿ.

ಸೈಜಿನ ವಿಷಯದಲ್ಲೂ ಇದೇ ಮಾರಾಟಗಾರರು ಹೇಳಿದ್ದು: "ಒಂದು ನಂಬರ್ ಜಾಸ್ತಿ ತಗೊಳ್ಳಿ, ಹಾಕ್ತಾ ಹಾಕ್ತಾ ಸರಿ ಹೋಗುತ್ತೆ." ಯಾವುದು ಸರಿ ಹೋಗುತ್ತದೆ? ಚರ್ಮ ಅಗಲದಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ, ಉದ್ದದಲ್ಲಿ ಇಲ್ಲವೇ ಇಲ್ಲ. ದೊಡ್ಡ ಬೂಟು ಚಿಕ್ಕದಾಗುವುದೂ ಇಲ್ಲ. ಬ್ರಿಟಿಷ್ ನಂಬರಿನ ಒಂದು ಮೆಟ್ಟಿಲು ಸುಮಾರು 8.5 ಮಿಲಿಮೀಟರ್, ಯುರೋಪಿನದು ಸುಮಾರು 6.7. ಎರಡೂ ಕೂಡಿಬರುವುದಿಲ್ಲ, ಹಾಗಾಗಿ ಪರಿವರ್ತನೆಯ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಪಾದ ಊದಿರುವ ಸಂಜೆ ಹೊತ್ತಿಗೆ, ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಎರಡೂ ಪಾದ ಅಳೆಯಿರಿ. ಉದ್ದನೆಯದಕ್ಕೆ 10-12 ಮಿಲಿಮೀಟರ್ ಕೂಡಿಸಿ, ಬೂಟಿನ ಒಳಗಿನ ಉದ್ದ ಅಷ್ಟಿರಬೇಕು. ಬೂಟಿನ ಒಳ ಅಟ್ಟೆ ಹೊರತೆಗೆದು ಅದರ ಮೇಲೆ ನಿಂತು ನೋಡಿ, ಬೆರಳು ಅಂಚು ದಾಟಬಾರದು, ಬದಿಯ ಮಾಂಸ ಹೊರಚೆಲ್ಲಬಾರದು. ಲೇಸು ಬಿಗಿದು ಇಳಿಜಾರಿನಲ್ಲಿ ನಿಂತರೆ ಹೆಬ್ಬೆರಳು ಮುಂದಕ್ಕೆ ಬಡಿಯಬಾರದು. ನಡೆಯುವಾಗ ಹಿಮ್ಮಡಿ ಒಳಗೇ 5-6 ಮಿಲಿಮೀಟರಿಗಿಂತ ಮೇಲೆದ್ದರೆ ಬೊಬ್ಬೆ ಖಂಡಿತ. ಕಾಲ್ಗಿಣ್ಣಿನ ಮುಂದೆ ಪಾದ ಮಡಚುವ ಜಾಗದಲ್ಲಿ ಲೇಸನ್ನು ಎರಡು ಸುತ್ತು ತಿರುಚಿ ಬಿಗಿ ನಿಲ್ಲಿಸಿದರೆ ಸ್ವಲ್ಪ ಹಿಡಿತ ಸಿಗುತ್ತದೆ. ಅದಕ್ಕೂ ಎದ್ದರೆ ಆ ಬೂಟು ನಿಮ್ಮ ಕಾಲಿನದಲ್ಲ.

ಅವರೇ ಬೇಟೆ ಬೂಟು ಅಂತ ಇನ್ನೊಂದನ್ನು ಮಾರುತ್ತಾರೆ, "800 ಗ್ರಾಂ, ಭಾರೀ ಗಟ್ಟಿ" ಅಂತ. 800 ಗ್ರಾಂ ಅನ್ನುವುದು ಒಳಗಿನ ಬೆಚ್ಚನೆಯ ಪದರದ ಒಂದು ಚದರ ಮೀಟರಿನ ತೂಕ. ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊರೆಯುವ ಚಳಿಯಲ್ಲಿ ಅಲುಗಾಡದೆ ಗಂಟೆಗಟ್ಟಲೆ ಕೂರುವವರಿಗೆ ಅದು. ಹಾಕಿಕೊಂಡು ನಡೆದರೆ ಪಾದ ಬೆವರಿ, ಸಾಕ್ಸ್ ತೊಯ್ದು, ಚರ್ಮ ಮೆತ್ತಗಾಗಿ ಬೊಬ್ಬೆ ಏಳುತ್ತದೆ.

ದಾರಿ ಮಧ್ಯೆಯೇ ಅಟ್ಟೆ ಬಾಯಿ ಬಿಟ್ಟರೆ ಕಿತ್ತು ಬಿಸಾಡಬೇಡಿ. ಅಟ್ಟೆ ಇಲ್ಲದ ಬೂಟಿನ ತಳ ಕಲ್ಲಿಗೆ ಬಹಳ ಹೊತ್ತು ಬಾಳುವುದಿಲ್ಲ. ಮುಂದೆ ಒಂದು, ಪಾದದ ಬಾಗಿನ ಕೆಳಗೆ ಒಂದು ಅಂತ ಎರಡು ಕಡೆ ನೈಲಾನ್ ಹಗ್ಗ ಸುತ್ತಿ ಕಾಲ್ಗಿಣ್ಣಿಗೆ ಬಿಗಿಯಿರಿ. ಬಾಗಿನ ಕೆಳಗಿನದು ನೆಲಕ್ಕೆ ಅಷ್ಟಾಗಿ ತಾಗುವುದಿಲ್ಲ, ಹೆಚ್ಚು ಹೊತ್ತು ಬಾಳುತ್ತದೆ. ಮುಂದಿನದು ಸವೆದು ಹರಿಯುತ್ತಲೇ ಇರುತ್ತದೆ, 5 ಮೀಟರ್ ಹಗ್ಗ ಇಟ್ಟುಕೊಂಡಿರಿ. ಬಟ್ಟೆ ಟೇಪು ಒಣ ನೆಲದಲ್ಲಿ ಮಾತ್ರ.

ಅದೇ ಜಾಹೀರಾತು ಇವತ್ತು ಬೆಳಿಗ್ಗೆಯೂ ಇತ್ತು. ಅದೇ ಬಾಕ್ಸ್, ಅದೇ "ಒಮ್ಮೆಯೂ ಹಾಕಿಲ್ಲ", ಬೇರೆ ಸೈಜು. ಫೋಟೊಗಳು ಮಾತ್ರ ಹನ್ನೆರಡಿದ್ದದ್ದು ಹನ್ನೊಂದಾಗಿವೆ. ನಾಲಗೆಯ ಚೀಟಿಯದನ್ನು ತೆಗೆದುಹಾಕಿದ್ದಾರೆ.