ವಾಟರ್ ಬರ್ತ್ ಯೂನಿಟ್: ಪೂಲ್‌ಗಿಂತ ಮಿಡ್‌ವೈಫ್‌ಗೆ ಜಾಸ್ತಿ ಅಂಕ

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಹುಡುಗಿಯರಲ್ಲಿ ಯಾರಾದರೂ ಬಸುರಿ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: "ನೀರಲ್ಲಿ ಹೆರಿಗೆ ಆದರೆ ಹೊಲಿಗೆ ಬೀಳಲ್ವಂತೆ, ಹೌದಾ?" ನನಗೆ ಈಚೆಗೆ ನೀರಿನಲ್ಲೇ ಹೆರಿಗೆ ಆಯಿತು. ಹೊಲಿಗೆಯೂ ಬಿತ್ತು. ಆದರೂ ನಾನು ಹೋದ ಹೆರಿಗೆ ಯೂನಿಟ್‌ಗೆ 5ಕ್ಕೆ 4 ಕೊಡುತ್ತೇನೆ, ಯಾಕೆ ಅಂತ ಬರೆಯುತ್ತೇನೆ. ಹೆಸರು ಹೇಳುವುದಿಲ್ಲ, ಯಾಕಂದ್ರೆ ಕೊನೆಯಲ್ಲಿ ಸ್ವಲ್ಪ ಬೈಯುವುದೂ ಇದೆ. ಎನ್‌ಎಚ್‌ಎಸ್‌ನ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಯೂನಿಟ್, ಮಿಡ್‌ವೈಫ್‌ಗಳೇ (ತರಬೇತಿ ಪಡೆದ ಸೂಲಗಿತ್ತಿಯರು) ನಡೆಸುತ್ತಾರೆ, ದೊಡ್ಡಾಸ್ಪತ್ರೆ ಕಟ್ಟಡದಲ್ಲೇ ಇದೆ. ಏನಾದರೂ ಹೆಚ್ಚುಕಮ್ಮಿ ಆದರೆ ಲಿಫ್ಟ್ ಹತ್ತಿದರೆ ಡಾಕ್ಟರ್‌ಗಳ ವಾರ್ಡು. ಖರ್ಚಿನ ಬಗ್ಗೆ ಕೇಳುವವರಿಗೆ: ವೀಸಾ ಜೊತೆ ಕಟ್ಟಿದ ಹೆಲ್ತ್ ಸರ್‌ಚಾರ್ಜ್ ಬಿಟ್ಟರೆ ಬೇರೆ ಬಿಲ್ ಬರಲಿಲ್ಲ.

ನನಗೆ ಮೊದಲು ಇಷ್ಟವಾಗಿದ್ದು ಅವರು ಪೂಲ್ ಅನ್ನು (ಹೆರಿಗೆಗೆ ಕೂರುವ ಬಿಸಿ ನೀರಿನ ತೊಟ್ಟಿ) ಮಾರಲು ಹೋಗಲಿಲ್ಲ ಅನ್ನುವುದು. "ನೀರಲ್ಲಿ ಕೂತರೆ ಟೇರ್ ಆಗಲ್ಲ" ಅಂತ ಯಾರೂ ಹೇಳಲಿಲ್ಲ. ಟೇರ್ ಅಂದರೆ ಮಗು ಬರುವಾಗ ಯೋನಿ, ಗುದದ್ವಾರದ ನಡುವಿನ ಜಾಗ ಹರಿಯುವುದು. ಮೊದಲ ಸಲ ಸಹಜ ಹೆರಿಗೆ ಆಗುವವರಲ್ಲಿ 10ಕ್ಕೆ 9 ಜನಕ್ಕೆ ಗೀರೋ, ಟೇರೋ, ದಾರಿ ಅಗಲ ಮಾಡಲು ಕತ್ತರಿ ಹಾಕಿದ ಗಾಯವೋ ಏನಾದರೊಂದು ಆಗುತ್ತದೆ, ಹೆಚ್ಚಿನವು ಸಣ್ಣವೇ ಅಂತ ಮಿಡ್‌ವೈಫ್ ಮೊದಲೇ ಹೇಳಿದರು. ಮೊದಲನೇ ಡಿಗ್ರಿ ಅಂದರೆ ಚರ್ಮ ಮಾತ್ರ. ಎರಡನೇದು ಒಳಗಿನ ಸ್ನಾಯುವಿನವರೆಗೆ. ಮೂರನೇದು ಗುದದ್ವಾರ ಬಿಗಿಹಿಡಿಯುವ ಸ್ನಾಯುವಿಗೆ ತಾಗುತ್ತದೆ, ನಾಲ್ಕನೇದು ಅದನ್ನೂ ದಾಟಿ ಒಳಪದರಕ್ಕೆ ಹೋಗುತ್ತದೆ. ಯೋಚನೆ ಮಾಡಬೇಕಾದ್ದು ಈ ಕೊನೆಯ ಎರಡರ ಬಗ್ಗೆ. ಸರಿಯಾಗಿ ರಿಪೇರಿ ಆಗದಿದ್ದರೆ ಮುಂದೆ ಗ್ಯಾಸ್, ಮಲ ತಡೆದುಕೊಳ್ಳುವುದೇ ಕಷ್ಟ ಆಗಬಹುದು. ನಮ್ಮ ಹೆಂಗಸರು ಯಾರ ಹತ್ತಿರವೂ ಹೇಳಿಕೊಳ್ಳದೆ ವರ್ಷಗಟ್ಟಲೆ ನುಂಗಿಕೊಂಡಿರುವುದು ಇದನ್ನೇ.

ನೀರಿನ ಲೆಕ್ಕ ಹೀಗಿದೆ. ಇಲ್ಲಿ ಪೂಲ್ ಸ್ಟಡಿ ಅಂತ ಒಂದು ದೊಡ್ಡ ಅಧ್ಯಯನ ಮಾಡಿ 2024ರಲ್ಲಿ ಫಲಿತಾಂಶ ಕೊಟ್ಟರು. 26 ಎನ್‌ಎಚ್‌ಎಸ್ ಸಂಸ್ಥೆಗಳಲ್ಲಿ 2015ರಿಂದ 2022ರವರೆಗೆ ಪೂಲ್ ಬಳಸಿದವರ ದಾಖಲೆಗಳನ್ನು ನೋಡಿದ್ದಾರೆ. ಮೊದಲ ಹೆರಿಗೆಯವರಲ್ಲಿ ನೀರಿನೊಳಗೇ ಹೆತ್ತವರಿಗೆ ಮೂರು-ನಾಲ್ಕನೇ ಡಿಗ್ರಿ ಟೇರ್ ಆಗಿದ್ದು 4.8%, ಪೂಲ್‌ನಿಂದ ಎದ್ದು ಹೊರಗೆ ಬಂದು ಹೆತ್ತವರಿಗೆ 5.3%. ಅಂದರೆ ನೀರಿನಿಂದ ಅಪಾಯ ಜಾಸ್ತಿ ಆಗುವುದಿಲ್ಲ, ಹೇಳಿಕೊಳ್ಳುವಷ್ಟು ಕಡಿಮೆಯೂ ಆಗುವುದಿಲ್ಲ. ಬಿಸಿ ನೀರಲ್ಲಿ ಚರ್ಮ ಮೆತ್ತಗಾಗಿ ಎಲ್ಲ ಸಲೀಸಾಗಿ ಆಗುತ್ತದೆ ಅನ್ನುವವರು ಈ ಅಂಕಿಯನ್ನು ಒಮ್ಮೆ ನೋಡಲಿ.

ಇನ್ನೊಂದು ವಿಷಯ ನಮಗೆ ಮುಖ್ಯ. ಇಲ್ಲಿನ ಹೆರಿಗೆ ಡಾಕ್ಟರ್‌ಗಳ ಸಂಸ್ಥೆಯಾದ ರಾಯಲ್ ಕಾಲೇಜಿನವರ ಮಾರ್ಗಸೂಚಿಯಲ್ಲಿ ದೊಡ್ಡ ಟೇರ್‌ಗೆ ಕಾರಣಗಳ ಪಟ್ಟಿ ಇದೆ. ಮೊದಲ ಹೆರಿಗೆ, ಮಗು 4 ಕೆಜಿಗಿಂತ ದಪ್ಪ, ಫೋರ್ಸೆಪ್ಸ್ (ಮಗುವನ್ನು ಎಳೆಯುವ ಇಕ್ಕಳ) ಹಾಕುವುದು, ತಿಣುಕುವ ಹಂತ ತುಂಬಾ ಹೊತ್ತು ಎಳೆಯುವುದು. ಅದರ ಜೊತೆಗೇ ಏಷ್ಯಾ ಮೂಲದವರು ಅನ್ನುವುದೂ ಇದೆ. ಹಾಗಾಗಿ ಪಕ್ಕದ ಮನೆಯ ಇಂಗ್ಲಿಷ್ ಹುಡುಗಿಗೆ ಏನೂ ಆಗಲಿಲ್ಲ ಅಂತ ನಾವು ನಿರಾಳವಾಗಿ ಇರುವ ಹಾಗಿಲ್ಲ. ನಾನು ಇದನ್ನು ಎತ್ತಿದಾಗ ಮಿಡ್‌ವೈಫ್ ನಕ್ಕು ತಳ್ಳಿಹಾಕಲಿಲ್ಲ. ಕೂತು, ಏನೇನು ಮಾಡಬಹುದು ಅಂತ ಒಂದೊಂದಾಗಿ ಹೇಳಿದರು. ಕೊಟ್ಟ ಅಂಕಗಳಲ್ಲಿ ಒಂದು ಇದಕ್ಕೇ.

ಅವರು ಹೇಳಿದ್ದರಲ್ಲಿ ಮನೆಯಲ್ಲಿ ಮಾಡಬೇಕಾದ್ದು ಮಸಾಜ್. 34-35ನೇ ವಾರದಿಂದ ಶುರು. ಕೈ ತೊಳೆದು, ಉಗುರು ಕತ್ತರಿಸಿ, ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಯೋನಿಯೊಳಗೆ ಒಂದೆರಡು ಇಂಚು ಇಟ್ಟು, ಕೆಳಗೆ ಗುದದ್ವಾರದ ಕಡೆಗೂ ಆಮೇಲೆ ಎರಡು ಪಕ್ಕಕ್ಕೂ ನಿಧಾನವಾಗಿ ಒತ್ತಿ ಹಿಗ್ಗಿಸುವುದು, ಐದು ನಿಮಿಷದಷ್ಟು. ಮೊದಮೊದಲು ಉರಿಯುತ್ತದೆ. ಹೊಟ್ಟೆ ಅಷ್ಟು ದೊಡ್ಡದಾದ ಮೇಲೆ ಕೈ ಎಟುಕುವುದೂ ಇಲ್ಲ, ಗಂಡನ ಸಹಾಯ ಬೇಕು. ನಾಚಿಕೆ ಆಗುತ್ತದೆ, ನಗುವೂ ಬರುತ್ತದೆ, ಏನು ಮಾಡೋದು. ಎಣ್ಣೆ ಯಾವುದು ಅಂತ ಕೇಳಿದರೆ ಅಡುಗೆಮನೆಯದೇ ಸಾಕು ಅಂದರು, ಅಮ್ಮ ಊರಿಂದ ತಂದ ಗಾಣದ ಕೊಬ್ಬರಿ ಎಣ್ಣೆ ಕೆಲಸಕ್ಕೆ ಬಂತು. ಮೊದಲ ಹೆರಿಗೆಯವರು ಹೀಗೆ ಮಾಡಿಕೊಂಡರೆ ಹೊಲಿಗೆ ಬೇಕಾಗುವ ಗಾಯ ಸುಮಾರು 10% ಕಡಿಮೆ ಆಗುತ್ತದೆ ಅಂತ ಸಂಶೋಧನೆ ಇದೆ, ಮುಖ್ಯವಾಗಿ ಕತ್ತರಿ ಹಾಕುವುದು ಕಡಿಮೆ ಆಗುತ್ತದೆ. ದಿನಾ ಮಾಡಬೇಕು ಅಂತಿಲ್ಲ, ವಾರಕ್ಕೆ ಒಂದೆರಡು ಸಲ ಆದರೂ ಉಪಯೋಗ ಇದೆ. ಮಾಸು ಕೆಳಗಿದ್ದರೆ, ಸೋಂಕಿದ್ದರೆ, ನೀರು ಒಡೆದಿದ್ದರೆ ಮಾತ್ರ ಬೇಡ. ಬಲೂನ್ ಥರ ಊದಿಸಿ ಅಭ್ಯಾಸ ಮಾಡುವ ಎಪಿ-ನೋ ಅಂತ ಒಂದು ಸಾಧನವೂ ಸಿಗುತ್ತದೆ. ಅದಕ್ಕೆ ದುಡ್ಡು ಸುರಿಯಬೇಡಿ, ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಹೇಳಿಕೊಳ್ಳುವ ಲಾಭ ಕಾಣಲಿಲ್ಲ.

ಇನ್ನು ಪೂಲ್ ರೂಮ್. ಚೆನ್ನಾಗಿದೆ. ಮಂದ ಬೆಳಕು, ಗೋಡೆಗೆ ಕಟ್ಟಿದ ಹಗ್ಗ, ಎದೆಮಟ್ಟಕ್ಕೆ ಬರುವಷ್ಟು ನೀರು. ನೀರಿನ ಬಿಸಿ 37.5 ಡಿಗ್ರಿ ದಾಟುವ ಹಾಗಿಲ್ಲ, ಅದಕ್ಕೆ ಥರ್ಮಾಮೀಟರ್ ಹಿಡಿದು ಆಗಾಗ ನೋಡುತ್ತಿದ್ದರು. ನನಗೆ ಇನ್ನೂ ಬಿಸಿ ಬೇಕು ಅನ್ನಿಸಿದರೂ ಹಾಕಲಿಲ್ಲ. ನೋವು ತಡೆಯಲು ಗ್ಯಾಸ್ ಅಂಡ್ ಏರ್, ಅಂದರೆ ಉಸಿರಲ್ಲಿ ಎಳೆದುಕೊಳ್ಳುವ ಗ್ಯಾಸ್ ಮಾತ್ರ. ಎಪಿಡ್ಯೂರಲ್ (ನೋವು ತಡೆಯಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಬೇಕಾದರೆ ಪೂಲ್ ಬಿಡಬೇಕು. ಮಗುವಿನ ಎದೆಬಡಿತ ಕೇಳುವ ಮಿಷನ್ ನೀರೊಳಗೂ ಕೆಲಸ ಮಾಡುತ್ತದೆ, ಮೊದಲು ಕಾಲು ಗಂಟೆಗೊಮ್ಮೆ, ತಿಣುಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ. ಪಕ್ಕದ ಟ್ರಾಲಿ ಮೇಲೆ ಒಂದು ಟಾರ್ಚ್, ಉದ್ದ ಹಿಡಿಯ ಕನ್ನಡಿ, ಒಂದು ಜರಡಿ. ಜರಡಿ ಯಾತಕ್ಕೆ ಅಂತ ನನ್ನ ಗಂಡ ಕೇಳಿದರು. ತಿಣುಕುವಾಗ ಹೊರಗೆ ಬರುವುದು ಮಗು ಒಂದೇ ಅಲ್ಲ ಅಂತ ಮಿಡ್‌ವೈಫ್ ಹೇಳಿದ ಮೇಲೆ ಅವರು ಜರಡಿ ಕಡೆ ಮತ್ತೆ ನೋಡಲಿಲ್ಲ. ನೀರಿನಿಂದ ನನಗೆ ನಿಜವಾಗಿ ಆದ ಲಾಭ ಅಂದರೆ ಮೈ ಹಗುರ. ಮಂಡಿಯೂರಿ, ಪೂಲ್ ಅಂಚಿಗೆ ತೋಳು ಚಾಚಿ, ಬೇಕಾದ ಹಾಗೆ ತಿರುಗಬಹುದಿತ್ತು. ಅಂಗಾತ ಮಲಗಿಸಿ ಕಾಲು ಎತ್ತಿ ಕಟ್ಟುವ ಮಾತೇ ಇಲ್ಲ.

ಈಗ ಅಸಲು ವಿಷಯ. ತಲೆ ಕಾಣಿಸಿದ ಮೇಲಿನ ಆ ಸ್ವಲ್ಪ ಹೊತ್ತಿನಲ್ಲೇ ಟೇರ್ ಎಷ್ಟು ಅನ್ನುವುದು ತೀರ್ಮಾನ ಆಗುವುದು. ಊರಲ್ಲಿ ನನ್ನ ಅಕ್ಕನ ಹೆರಿಗೆ ಹೊತ್ತಿಗೆ ಬಾಗಿಲಾಚೆ ನಿಂತವರಿಗೂ "ತಿಣುಕಮ್ಮಾ, ಇನ್ನೂ ಜೋರಾಗಿ" ಅನ್ನುವುದು ಕೇಳಿಸುತ್ತಿತ್ತು. ಒಬ್ಬರು ಹೊಟ್ಟೆಯನ್ನು ಮೇಲಿಂದ ಒತ್ತಿದರಂತೆ, ಕೇಳದೆ ಕತ್ತರಿಯನ್ನೂ ಹಾಕಿದರಂತೆ. ಹೊಟ್ಟೆ ಒತ್ತುವುದು ಬೇಡ, ಎಲ್ಲರಿಗೂ ಮಾಮೂಲಾಗಿ ಕತ್ತರಿ ಹಾಕುವುದೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಇಲ್ಲಿ ಪೂರ್ತಿ ಉಲ್ಟಾ. ಸುತ್ತ ಬೆಂಕಿ ಹಚ್ಚಿದ ಹಾಗೆ ಉರಿ ಶುರುವಾದಾಗ ಒಂದೇ ಏಟಿಗೆ ಮುಗಿಸಿಬಿಡೋಣ ಅನ್ನಿಸುತ್ತದೆ, ಮೈ ತಾನಾಗಿ ತಳ್ಳುತ್ತದೆ. ಆಗ ಮಿಡ್‌ವೈಫ್ ನನ್ನ ಮುಖದ ಹತ್ತಿರ ಬಂದು ಮೆಲ್ಲಗೆ, "ಈಗ ತಳ್ಳಬೇಡ, ಉಸಿರು ಮಾತ್ರ, ಹಾ ಹಾ ಅಂತ ಸಣ್ಣಸಣ್ಣಗೆ ಬಿಡು" ಅಂದರು, ತಾವೂ ಹಾಗೇ ಬಿಟ್ಟು ತೋರಿಸಿದರು. ನೋವು ನಿಂತಾಗ ತಲೆ ಅಲ್ಲೇ ನಿಂತಿತು. ಕೈ ಇಟ್ಟು ನೋಡು ಅಂದರು, ಇಟ್ಟೆ. ಮೆತ್ತಗೆ, ಸುಕ್ಕುಸುಕ್ಕಾಗಿ, ಕೂದಲು ನೀರಲ್ಲಿ ಆಡುತ್ತಿತ್ತು. ಕೈ ಅಲ್ಲಿದ್ದಿದ್ದರಿಂದಲೇ ಎಷ್ಟು ಬಿಡಬೇಕು ಎಷ್ಟು ತಡೆಯಬೇಕು ಅಂತ ನನಗೆ ಅಂದಾಜು ಸಿಕ್ಕಿದ್ದು. ಮುಂದಿನ ನೋವಿಗೆ ಇನ್ನಷ್ಟು, ಅದರ ಮುಂದಿನದಕ್ಕೆ ತಲೆ ಪೂರ್ತಿ. ಅವರು ಕನ್ನಡಿಯಲ್ಲಿ ನೋಡುತ್ತಿದ್ದರು, ಮುಟ್ಟಲಿಲ್ಲ. ಮೈ ಬಂದ ಮೇಲೆ ಮಗುವಿನ ಮುಖ ಮೊದಲು ನೀರಿನಿಂದ ಮೇಲೆ ಬರುವ ಹಾಗೆ ಎತ್ತಿದರು, ಹೊಕ್ಕುಳಬಳ್ಳಿ ಜಗ್ಗದ ಹಾಗೆ ನಿಧಾನವಾಗಿ.

ಈ "ಮುಟ್ಟದೆ ಇರುವುದು" ಬಗ್ಗೆ ಇಲ್ಲೇ ಜಗಳ ಇದೆ, ಗೊತ್ತಿರಲಿ. ಇಲ್ಲಿ ಹಲವು ಆಸ್ಪತ್ರೆಗಳಲ್ಲಿ ಟೇರ್ ಕಡಿಮೆ ಮಾಡಲು ಓಯಸಿ ಕೇರ್ ಬಂಡಲ್ ಅಂತ ಒಂದು ಕ್ರಮ ಇದೆ. ಅದರಲ್ಲಿ ತಲೆ ಬರುವಾಗ ಮಿಡ್‌ವೈಫ್ ಒಂದು ಕೈಯಿಂದ ಯೋನಿ, ಗುದದ್ವಾರದ ನಡುವಿನ ಜಾಗಕ್ಕೆ ಆಸರೆ ಕೊಟ್ಟು ಇನ್ನೊಂದರಿಂದ ತಲೆಯ ವೇಗ ತಡೆಯಬೇಕು. ಅದನ್ನು ಜಾರಿಗೆ ತಂದ ಕಡೆ ದೊಡ್ಡ ಟೇರ್ 3.3%ನಿಂದ 3%ಗೆ ಇಳಿಯಿತು. ದೊಡ್ಡ ಇಳಿತ ಏನಲ್ಲ, ಆದರೂ ಇಳಿಯಿತು. ನೀರಿನಲ್ಲಿ ಹಾಗೆ ಕೈ ಇಡುವುದು ಕಷ್ಟ. ಹೊರಗೆ ಹೆತ್ತರೆ ಬಿಸಿ ಬಟ್ಟೆ ಒತ್ತಿ ಹಿಡಿಯುತ್ತಾರೆ, ಅದರಿಂದ ದೊಡ್ಡ ಟೇರ್ ಚೆನ್ನಾಗಿಯೇ ಕಡಿಮೆ ಆಗುತ್ತದೆ. ಪೂಲ್‌ನಲ್ಲಿ ಅದರ ಬದಲು ಬೆಚ್ಚಗಿನ ನೀರೇ ಇರುತ್ತದೆ, ಅಷ್ಟೆ. ಹಿಂದೆ ಮೂರನೇ ಡಿಗ್ರಿ ಆಗಿದ್ದವರು, ಮಗು ತುಂಬಾ ದಪ್ಪ ಅಂತ ಸ್ಕ್ಯಾನ್‌ನಲ್ಲಿ ಬಂದವರು ನೋವು ತಿನ್ನಲು ಪೂಲ್, ಹೆರಲು ಹೊರಗೆ ಅಂತ ಯೋಚಿಸುವುದರಲ್ಲಿ ತಪ್ಪೇನಿಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಮಾಸು ಬರುವ ಮುಂಚೆ ಪೂಲ್‌ನಿಂದ ಎಬ್ಬಿಸಿದರು. ಆಮೇಲೆ ಪರೀಕ್ಷೆ. ಗುದದ್ವಾರದಲ್ಲೂ ಬೆರಳಿಟ್ಟು ನೋಡುತ್ತಾರೆ, ಮೊದಲೇ ಕೇಳಿಯೇ ಮಾಡುತ್ತಾರೆ. ಬೇಡ ಅನ್ನಬೇಡಿ. ಮೇಲ್ನೋಟಕ್ಕೆ ಕಾಣದ ಮೂರನೇ ಡಿಗ್ರಿ ಸಿಗುವುದು ಹಾಗೆಯೇ. ನನ್ನದು ಸಣ್ಣ ಎರಡನೇ ಡಿಗ್ರಿ. ನೀರಲ್ಲಿ ನೆನೆದ ಚರ್ಮ ಸ್ವಲ್ಪ ಸುಧಾರಿಸಲಿ ಅಂತ ಕಾದು, ಮಗು ಹಾಲು ಕುಡಿಯುತ್ತಿರುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅದೇ ರೂಮಲ್ಲಿ ಹೊಲಿದರು. ತಾನಾಗಿ ಕರಗುವ ದಾರ. ಹೊಲಿಗೆಗಿಂತ ಇಂಜೆಕ್ಷನ್ನೇ ಜಾಸ್ತಿ ನೋವು.

ಅಂಕ ಕಡಿಮೆ ಆಗಿದ್ದು ಮನೆಗೆ ಬಂದ ಮೇಲೆ. ಮಲ ಸಡಿಲಾಗುವ ಔಷಧಿ ಕೊಟ್ಟರು, ಉಚ್ಚೆ ಮಾಡುವಾಗ ಮೇಲಿಂದ ಬೆಚ್ಚಗಿನ ನೀರು ಸುರಿದುಕೋ ಅಂದರು, ಅಲ್ಲಿಗೆ ಮುಗಿಯಿತು. ಕೆಳಗಿನ ಸ್ನಾಯು ಬಿಗಿಮಾಡುವ ವ್ಯಾಯಾಮಕ್ಕೆ ಒಂದು ಹಾಳೆ ಕೈಗಿಟ್ಟರು, ಸರಿಯಾಗಿ ಮಾಡುತ್ತಿದ್ದೇನಾ ಅಂತ ನೋಡುವವರು ಯಾರೂ ಇಲ್ಲ. ಫಿಸಿಯೋ ಬೇಕು ಅಂದರೆ ಉದ್ದದ ವೇಟಿಂಗ್ ಲಿಸ್ಟ್. ಆರು ವಾರಕ್ಕೆ ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋದರೆ ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ನನ್ನ ಹೊಲಿಗೆ ಬಗ್ಗೆ "ಎಲ್ಲ ಸರಿ ಇದೆಯಲ್ಲ?" ಅಂತ ಕುರ್ಚಿಯಲ್ಲೇ ಕೂತು ಕೇಳಿದರು. ಹೆರಿಗೆ ದಿನ ಅಷ್ಟು ಚೆನ್ನಾಗಿ ನೋಡಿಕೊಂಡ ವ್ಯವಸ್ಥೆ ಇದೇನಾ ಅನ್ನಿಸಿತು. ಆ ವಿಷಯದಲ್ಲಿ ಅಮ್ಮನ ಬಾಣಂತನವೇ ಮೇಲು. ಆದರೆ ಅಮ್ಮ ಸೊಂಟಕ್ಕೆ ಕುದಿಕುದಿ ನೀರು ಹೊಯ್ಯಲು ಬಂದಾಗ, "ಹೊಲಿಗೆ ಇರೋವರೆಗೂ ಬೇಡಮ್ಮಾ" ಅಂತ ತಡೆದೆ. ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪಿನ ಸಾರು ಬೇಡ ಅನ್ನಲಿಲ್ಲ.

ಎಲ್ಲರಿಗೂ ಇಲ್ಲಿ ಜಾಗ ಸಿಗುವುದಿಲ್ಲ. ಅವಳಿ ಇದ್ದರೆ, ಮಗು ಅಡ್ಡ ಅಥವಾ ಉಲ್ಟಾ ಇದ್ದರೆ, ಬಿಪಿ ಇದ್ದರೆ, 37 ವಾರ ತುಂಬದಿದ್ದರೆ ಡಾಕ್ಟರ್ ವಾರ್ಡಿಗೇ ಕಳಿಸುತ್ತಾರೆ. ಬಸುರಿಯಲ್ಲಿ ಬರುವ ಶುಗರ್ ನಮ್ಮವರಲ್ಲಿ ಜಾಸ್ತಿ ಅಲ್ವಾ, ಅದು ಬಂದರೂ ಹೆಚ್ಚಿನ ಕಡೆ ಹಾಗೇ. ಅಂಥವರು ವಾರ್ಡಿನಲ್ಲಿ ವೈರ್ ಇಲ್ಲದ ಮಾನಿಟರ್ ಹಾಕಿ ಪೂಲ್ ಕೊಡುತ್ತಾರಾ ಅಂತ ಕೇಳಿ, ಕೆಲವು ಕಡೆ ಕೊಡುತ್ತಾರೆ. ಯೂನಿಟ್ ನೋಡಲು ಹೋದಾಗ ಪೂಲ್ ಎಷ್ಟು ದೊಡ್ಡದು, ಬಣ್ಣದ ಲೈಟ್ ಇದೆಯಾ ಅಂತ ಸುಮ್ನೆ ನೋಡಿಕೊಂಡು ಬರಬೇಡಿ. ತಲೆ ಬರುವಾಗ ಏನು ಮಾಡುತ್ತೀರಿ, ಕೈ ಇಡುತ್ತೀರಾ, ಹೊರಗೆ ಹೆತ್ತರೆ ಬಿಸಿ ಬಟ್ಟೆ ಇಡುತ್ತೀರಾ, ಕತ್ತರಿ ಯಾವಾಗ ಹಾಕುತ್ತೀರಿ, ಹೊಲಿಗೆ ಆದ ಮೇಲೆ ಯಾರು ನೋಡುತ್ತಾರೆ ಅಂತ ಕೇಳಿ. ಮತ್ತೆ ಆಹಾರ. ಹೆರಿಗೆ ಆದ ಮೇಲೆ ಕೊಡುವುದು ಟೋಸ್ಟು, ಚಹಾ. ಒಂದು ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಹೋಗಿ, ಪಾರ್ಕಿಂಗ್‌ಗೆ ಕಾರ್ಡ್ ಇಟ್ಟುಕೊಳ್ಳಿ, ಅದು ಮಾತ್ರ ಫ್ರೀ ಅಲ್ಲ.