ಆಂತರಿಕ ದೂರು ಸಮಿತಿ ಎಂಬ ಸೇವೆ: ಮೈದಾನದ ಮಕ್ಕಳ ಕಡೆಯಿಂದ ಒಂದು ವಿಮರ್ಶೆ

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ 26 ವರ್ಷ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಬಿಸಿಲಿನಲ್ಲಿ ನನ್ನ ಬಳಿ ಖೋ-ಖೋ, ಕಬಡ್ಡಿ, ಓಟ ಕಲಿತು ಕ್ರೀಡಾ ಕೋಟಾದಲ್ಲಿ ಮುಂದಿನ ಓದಿಗೆ ಹೋದ ಮಕ್ಕಳು, ಏನಾದರೂ ತೊಡಕು ಬಂದರೆ ಈಗಲೂ ನನ್ನ ಮನೆಯ ಬಾಗಿಲಿಗೇ ಬರುತ್ತಾರೆ. ಹಾಗೆ ಬಂದ ಇಬ್ಬರ ಜೊತೆ, ನಮ್ಮ ಭಾಗದ ಎರಡು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ದೂರು ಸಮಿತಿಗಳ ಬಾಗಿಲು ನಾನು ಕಾಯಬೇಕಾಯಿತು. ಒಬ್ಬಳು ತರಬೇತುದಾರನೊಬ್ಬನ ಮೇಲೆ ಲೈಂಗಿಕ ಕಿರುಕುಳದ ದೂರು ಕೊಡಲು ಹೊರಟವಳು; ಇನ್ನೊಬ್ಬ ಸಹವಿದ್ಯಾರ್ಥಿನಿಯ ದೂರಿಗೆ ಒಳಗಾದ ಕ್ರೀಡಾಪಟು. ಎರಡು ಪ್ರಕರಣಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಕಾಲೇಜಿನ ಶುಲ್ಕದಲ್ಲಿ ಗ್ರಂಥಾಲಯ, ಕ್ರೀಡೆ, ಆರೋಗ್ಯ ಎಂದು ಸಾಲು ಸಾಲಾಗಿ ಸೇವೆಗಳನ್ನು ಬರೆದಿರುತ್ತಾರಲ್ಲ, ಈ ಸಮಿತಿಯೂ ಅಂಥದೇ ಒಂದು ಸೇವೆ ಎಂದು ನಾನು ಬಗೆದಿದ್ದೇನೆ. ಆದ್ದರಿಂದ ಒಂದು ಸೇವೆಯನ್ನು ಅಳೆಯುವಂತೆಯೇ ಅದನ್ನು ಅಳೆಯುತ್ತೇನೆ.

ಸಂಸ್ಥೆಗಳ ಹೆಸರನ್ನು ನಾನು ಬರೆಯುವುದಿಲ್ಲ. ದೂರುದಾರರ, ಆರೋಪಿತರ, ಸಾಕ್ಷಿಗಳ ಗುರುತನ್ನೂ ದೂರಿನ ಒಳವಿವರವನ್ನೂ ಹೊರಗೆ ಹಾಕಬಾರದೆಂದು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಮು ಹೇಳುತ್ತದೆ. ಆ ಕಲಮು ಇಲ್ಲದಿದ್ದರೂ, ಕಲಬುರಗಿಯಂಥ ಊರಿನಲ್ಲಿ ಆಟದ ಹೆಸರು, ವರ್ಷ, ತಾಲ್ಲೂಕು ಮೂರನ್ನೂ ಹೇಳಿದರೆ ಹುಡುಗಿಯ ಮನೆಯ ಓಣಿಯನ್ನೇ ತೋರಿಸಿದಂತಾಗುತ್ತದೆ. ಹಾಗಾಗಿ ಏನು ನಡೆಯಿತು ಎಂಬುದನ್ನು ಬಿಟ್ಟು, ನಡೆದ ಮೇಲೆ ಸಂಸ್ಥೆ ಹೇಗೆ ನಡೆದುಕೊಂಡಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಕಾಗದದ ಮೇಲೆ ಈ ಸೇವೆ ಬಹಳ ಚೆನ್ನಾಗಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 1997ರ ವಿಶಾಖಾ ತೀರ್ಪು ಹಾಕಿದ ಬುನಾದಿಯ ಮೇಲೆ 2013ರ ಕಾಯ್ದೆ ಬಂತು. ಅದರ ಬೆನ್ನಿಗೆ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ವಿಶ್ವವಿದ್ಯಾಲಯ ಅನುದಾನ ಆಯೋಗ ರೂಪಿಸಿದ 2015ರ ನಿಯಮಾವಳಿ 2016ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಸಮಿತಿಯ ಅಧ್ಯಕ್ಷತೆ ಹಿರಿಯ ಮಹಿಳಾ ಅಧ್ಯಾಪಕಿಯದು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು, ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿ ಸದಸ್ಯರೂ ಕೂರಬೇಕು. ಕುಲಪತಿ, ಕುಲಸಚಿವರು, ಡೀನ್, ವಿಭಾಗ ಮುಖ್ಯಸ್ಥರಂಥ ಆಡಳಿತದ ಕುರ್ಚಿಯವರು ಅದರಲ್ಲಿ ಇರುವಂತಿಲ್ಲ. ದೂರು ಬಂದ 7 ದಿನದೊಳಗೆ ಆರೋಪಿತರಿಗೆ ಪ್ರತಿ ಹೋಗಬೇಕು, ಅವರು 10 ದಿನದೊಳಗೆ ದಾಖಲೆ ಮತ್ತು ಸಾಕ್ಷಿಗಳ ಪಟ್ಟಿಯೊಂದಿಗೆ ಉತ್ತರ ಕೊಡಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ವರದಿಯ ಪ್ರತಿ ಇಬ್ಬರಿಗೂ ಸಿಗಬೇಕು. ಶಿಫಾರಸು ಒಪ್ಪಿಗೆಯಾಗದವರಿಗೆ 30 ದಿನದ ಮೇಲ್ಮನವಿ ಅವಕಾಶವಿದೆ. ಇಷ್ಟು ಸ್ಪಷ್ಟವಾದ ದಿನಗಣನೆ ನಮ್ಮ ಎಷ್ಟು ಸರ್ಕಾರಿ ಸೇವೆಗಳಲ್ಲಿ ಇದೆ, ಹೇಳಿ?

ಈ ಕಾಗದವನ್ನು ಹಿಡಿದು ಹುಡುಗಿಯ ಜೊತೆ ಆಡಳಿತ ಕಟ್ಟಡಕ್ಕೆ ಹೋದ ದಿನ ಸಮಿತಿಯ ಕೋಣೆ ಎಲ್ಲಿದೆಯೆಂದು ಹೇಳುವವರೇ ಸಿಗಲಿಲ್ಲ. ಕೊನೆಗೆ ಆವಕ ಶಾಖೆಯ ಕಿಟಕಿಗೆ ನಮ್ಮನ್ನು ಕಳಿಸಿದರು. ಅಲ್ಲಿ ಕೂತಿದ್ದ ಗುಮಾಸ್ತರು ಲಕೋಟೆ ಒಡೆದು, ನಿಂತವರ ಎದುರಿನಲ್ಲೇ ಮೊದಲ ಪುಟವನ್ನು ಓದತೊಡಗಿದರು. ನಾನು ಕೈಯೊಡ್ಡಿ ತಡೆದೆ. "ಇದು ಕ್ಯಾಂಪಸ್ ಒಳಗ ಆಗ್ಯಾದೋ, ಹೊರಗ ಆಗ್ಯಾದೋ?" ಎಂದು ಅವರು ಕೇಳಿದರು. ಹುಡುಗಿ ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡು, "ಟೀಚರ್, ಇದು ಆವಕ್ ಆದ್ರ ನಮ್ಮ ಅಪ್ಪಗ ಗೊತ್ತಾಗ್ತದೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಆ ಪ್ರಶ್ನೆಗೆ ಕಿಟಕಿಯ ಆಚೆಗಿದ್ದವರು ಉತ್ತರಿಸಬೇಕಿತ್ತು. ದೂರನ್ನು ನೇರವಾಗಿ ಸಮಿತಿಗೆ, ಮುಚ್ಚಿದ ಲಕೋಟೆಯಲ್ಲಿ ಕೊಡಬಹುದು, ಮನೆಗೆ ಪತ್ರ ಹೋಗುವುದಿಲ್ಲ, ಪ್ರಾಪ್ತ ವಯಸ್ಕಳಾದ ನಿನ್ನ ಸಹಿ ಸಾಕು ಎಂದು ಒಬ್ಬರಾದರೂ ಹೇಳಿದ್ದರೆ ಅವಳ ಆ ಬೆಳಗು ಬೇರೆಯಾಗಿರುತ್ತಿತ್ತು.

ಒಳಗೋ ಹೊರಗೋ ಎಂಬ ಗುಮಾಸ್ತರ ಪ್ರಶ್ನೆಗೆ ಕಾಯ್ದೆಯಲ್ಲೇ ಉತ್ತರವಿದೆ. ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆ ನಡೆಯುವ ಸ್ಥಳ, ತರಬೇತಿಗಾಗಿ ತಂಗುವ ಜಾಗ ಎಲ್ಲವೂ 2013ರ ಕಾಯ್ದೆಯ ಪ್ರಕಾರ ಕೆಲಸದ ಸ್ಥಳಗಳೇ. ಅನುದಾನ ಆಯೋಗದ ನಿಯಮಾವಳಿಯು ಸಂಸ್ಥೆಯ ವಾಹನ, ಶಿಬಿರ, ಕ್ರೀಡಾಕೂಟಗಳನ್ನು ಕ್ಯಾಂಪಸ್ಸಿನ ವ್ಯಾಪ್ತಿಗೆ ತಂದಿದೆ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆಂದು ರಾತ್ರಿ ರೈಲಿನಲ್ಲಿ ಹೊರಟ ತಂಡ ಎಲ್ಲಿ ಇಳಿದರೂ ಅದು ವಿಶ್ವವಿದ್ಯಾಲಯದ ಅಂಗಳವೇ. ಪ್ರವಾಸಕ್ಕೆ ಹೋಗುವ ಮಹಿಳಾ ಕ್ರೀಡಾಪಟುಗಳ ಜೊತೆ ಮಹಿಳಾ ತರಬೇತುದಾರರು ಇರಲೇಬೇಕೆಂದು ಭಾರತೀಯ ಕ್ರೀಡಾ ಪ್ರಾಧಿಕಾರ 2022ರಲ್ಲಿ ರಾಷ್ಟ್ರೀಯ ಫೆಡರೇಷನ್‌ಗಳಿಗೆ ಹೇಳಿತು. ವಿಶ್ವವಿದ್ಯಾಲಯದ ತಂಡಗಳೂ ಅದನ್ನೇ ಪಾಲಿಸಬೇಕೆಂಬುದು ನನ್ನ ಆಗ್ರಹ.

ಸಾಮಾನ್ಯ ವಿದ್ಯಾರ್ಥಿನಿಯ ಕಷ್ಟಕ್ಕೂ ಆಟಗಾರ್ತಿಯ ಕಷ್ಟಕ್ಕೂ ಇರುವ ವ್ಯತ್ಯಾಸವನ್ನು ಈ ಸೇವೆ ಇನ್ನೂ ಅರಿತಿಲ್ಲ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು ಎಂಬುದು ನಿಯಮ. ಆದರೆ ತಂಡದ ಆಯ್ಕೆ, ದಿನಭತ್ಯೆ, ಟ್ರ್ಯಾಕ್ ಸೂಟ್, ಪ್ರಮಾಣಪತ್ರ ಎಲ್ಲವೂ ಒಬ್ಬನೇ ಮನುಷ್ಯನ ಕೈಯಲ್ಲಿರುವಾಗ, ಋತು ಮುಗಿದು ಪ್ರಮಾಣಪತ್ರ ಕೈಗೆ ಸೇರುವವರೆಗೆ ಹುಡುಗಿ ಬಾಯಿ ತೆರೆಯುವುದಿಲ್ಲ. ಆ ಪ್ರಮಾಣಪತ್ರದ ಮೇಲೆ ಕ್ರೀಡಾ ಕೋಟಾದ ನೌಕರಿಯ ಆಸೆ ನಿಂತಿರುತ್ತದೆ. ಅದರ ಬೆಲೆ ಏನೆಂದು ಹೊಲಮನೆಯಿಂದ ಬಂದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಡಕ್ಕೆ ಕಾರಣವನ್ನು ಬರೆದಿಟ್ಟುಕೊಂಡು ಇನ್ನೂ 3 ತಿಂಗಳವರೆಗೆ ದೂರನ್ನು ಸ್ವೀಕರಿಸುವ ಅಧಿಕಾರ ಸಮಿತಿಗಿದೆ. ನಮ್ಮ ಪ್ರಕರಣದಲ್ಲಿ ಅಧ್ಯಕ್ಷೆಯವರು ಆ ಅಧಿಕಾರವನ್ನು ಬಳಸಿದರು, ಕಾರಣವನ್ನು ಹುಡುಗಿಯ ಮಾತಿನಲ್ಲೇ ದಾಖಲಿಸಿಕೊಂಡರು. ಇದಕ್ಕಾಗಿ ಅವರಿಗೆ ನಾನು ಋಣಿ.

ಮಧ್ಯಂತರ ಪರಿಹಾರದ ವಿಷಯದಲ್ಲಿ ಮಾತ್ರ ಸಮಿತಿ ಎಡವಿತು. ದೂರುದಾರಳ ಕೆಲಸವನ್ನೋ ಪರೀಕ್ಷೆಯನ್ನೋ ಆರೋಪಿತ ವ್ಯಕ್ತಿ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಇದನ್ನು ಅವರು ತರಗತಿಯ ಅಂಕಗಳಿಗಷ್ಟೇ ಅನ್ವಯಿಸಿಕೊಂಡರು. ಆಟಗಾರ್ತಿಯ ಪಾಲಿಗೆ ಆಯ್ಕೆಯ ಟ್ರಯಲ್ಸೇ ಪರೀಕ್ಷೆ ಎಂದು ನಾನು ಲಿಖಿತವಾಗಿ ತಿಳಿಸಿದ ಮೇಲೂ, ಅದು ಕ್ರೀಡಾ ವಿಭಾಗದ ಆಂತರಿಕ ವಿಷಯ ಎಂಬ ಉತ್ತರ ಬಂತು. ವಿಚಾರಣೆ ನಡೆಯುತ್ತಿದ್ದಾಗಲೇ ಅದೇ ತರಬೇತುದಾರ ಕೈಯಲ್ಲಿ ಸೀಟಿ ಹಿಡಿದು ಟ್ರಯಲ್ಸ್ ನಡೆಸಿದ. ವ್ಯಾಯಾಮಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹಿಂದಿನ ವರ್ಷ ತಂಡದ ನಾಯಕಿಯಾಗಿದ್ದವಳ ಹೆಸರು ಕಾಯ್ದಿರಿಸಿದ ಆಟಗಾರ್ತಿಯರ ಸಾಲಿನಲ್ಲೂ ಇರಲಿಲ್ಲ. ಅವಳು ಆ ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಓದಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ವಿಚಾರಣೆಯೇನೋ ಗೌರವದಿಂದ ನಡೆಯಿತು. ಅವಳ ಹೇಳಿಕೆ ಬರೆದುಕೊಳ್ಳುವಾಗ ನಡುವೆ ಬಾಯಿ ಹಾಕಲಿಲ್ಲ, ಓದಿ ತೋರಿಸಿದ ಮೇಲೆಯೇ ಸಹಿ ಪಡೆದರು. ಆದರೆ ಸದಸ್ಯರಲ್ಲಿ ಒಬ್ಬರು ಆ ತರಬೇತುದಾರನ ದೀರ್ಘಕಾಲದ ಒಡನಾಡಿ ಎಂಬುದನ್ನು ನಾವಾಗಿ ತಿಳಿಸಿದ ಮೇಲಷ್ಟೇ ಅವರನ್ನು ಬದಿಗಿಟ್ಟರು. ಇದು ಸಣ್ಣ ವಿಷಯವಲ್ಲ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯ ಲ್ಯಾರಿ ನಾಸರ್ ಮೇಲೆ 2014ರಲ್ಲಿ ದೂರು ಬಂದಾಗ ವಿಶ್ವವಿದ್ಯಾಲಯದ ಆಂತರಿಕ ವಿಚಾರಣೆ ಆತನದು ತಪ್ಪಿಲ್ಲವೆಂದು ಬಿಟ್ಟುಕೊಟ್ಟಿತ್ತು. ಆಗ ಅಭಿಪ್ರಾಯ ಕೇಳಿದ್ದ ಪರಿಣತರು ಅದೇ ವಿಶ್ವವಿದ್ಯಾಲಯದ ನಂಟಿನವರು. 2018ರಲ್ಲಿ ಆ ವಿಶ್ವವಿದ್ಯಾಲಯ ಸಂತ್ರಸ್ತರಿಗೆ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು.

ಇನ್ನು ಹುಡುಗನ ಪ್ರಕರಣ. ಅವನ ಪರವಾಗಿ ನಿಂತಿದ್ದೀರಾ ಎಂದು ನನ್ನ ಗೆಳತಿಯರೇ ಕೇಳಿದರು. ಅವನು ತಪ್ಪು ಮಾಡಿಲ್ಲವೆಂದು ನಾನು ಯಾರಿಗೂ ಹೇಳಿಲ್ಲ, ಹೇಳುವ ಹಕ್ಕೂ ನನಗಿಲ್ಲ. ಅವನನ್ನು ಕೇಳುವ ಕ್ರಮ ಸರಿಯಿರಬೇಕು ಎಂಬುದಷ್ಟೇ ನನ್ನ ಹಟವಾಗಿತ್ತು. ದೂರು ದಾಖಲಾದ ದಿನ ಸಂಜೆಯೇ ಫೋನ್ ಮಾಡಿ ತಂಡದಿಂದ ಕೈಬಿಟ್ಟಿದ್ದೇವೆ, ಹಾಸ್ಟೆಲ್ ಖಾಲಿ ಮಾಡು ಎಂದರು. ಲಿಖಿತ ಆದೇಶವಿರಲಿಲ್ಲ. 7 ದಿನದಲ್ಲಿ ಸಿಗಬೇಕಾದ ದೂರಿನ ಪ್ರತಿ 24ನೇ ದಿನ ಸಿಕ್ಕಿತು. ಸಾಕ್ಷಿಗಳು ಏನು ಹೇಳಿದರೆಂಬುದನ್ನು ಅವನಿಗೆ ತಿಳಿಸದೆಯೇ, ಎರಡು ಸಭೆಗಳಲ್ಲಿ ವರದಿ ಮುಗಿಸಿ ಅವನನ್ನು ದೋಷಿಯೆಂದರು. ದೂರುದಾರಳಿಗೆ ತೊಂದರೆಯಾಗದಂತೆ ಅವನನ್ನು ದೂರವಿಡುವುದು ಬೇಕೇ ಬೇಕಿತ್ತು, ಅದಕ್ಕೆ ನಿಯಮದಲ್ಲಿ ದಾರಿಯೂ ಇದೆ. ಒಂದು ಪುಟದ ಆದೇಶದಲ್ಲಿ ಕಾರಣ ಮತ್ತು ಅವಧಿಯನ್ನು ಬರೆದು ಕೊಟ್ಟಿದ್ದರೆ ಸಾಕಿತ್ತು. ಮೇಲ್ಮನವಿಯಲ್ಲಿ ಆ ವರದಿ ನಿಲ್ಲಲಿಲ್ಲ, ಹೊಸದಾಗಿ ವಿಚಾರಣೆ ನಡೆಸಬೇಕೆಂದು ಆದೇಶವಾಯಿತು. ಅದರ ಭಾರ ಬಿದ್ದದ್ದು ಯಾರ ಮೇಲೆ? ಒಮ್ಮೆ ಎದೆ ಗಟ್ಟಿ ಮಾಡಿಕೊಂಡು ಎಲ್ಲವನ್ನೂ ಹೇಳಿ ಮುಗಿಸಿದ್ದ ಆ ಹುಡುಗಿಯನ್ನು ಮತ್ತೆ ಕರೆದು, ಮತ್ತೆ ಮೊದಲಿನಿಂದ ಹೇಳಿಸಿದರು. ಎರಡನೆಯ ವಿಚಾರಣೆ ಸರಿಯಾಗಿ ನಡೆಯಿತು, ಹುಡುಗನ ಮೇಲಿನ ಆರೋಪಗಳಲ್ಲಿ ಒಂದು ಸಾಬೀತಾಯಿತು. ಅವನು ಶಿಕ್ಷೆಯನ್ನು ಒಪ್ಪಿಕೊಂಡ, ಮೇಲ್ಮನವಿಗೆ ಹೋಗಲಿಲ್ಲ. ಮೊದಲೇ ಹೀಗೆ ಮಾಡಿದ್ದರೆ ಇಬ್ಬರ ಒಂದು ವರ್ಷ ಉಳಿಯುತ್ತಿತ್ತು.

ಸುಪ್ರೀಂ ಕೋರ್ಟಿನ 2023ರ ಮೇ 12ರ ಆರೆಲಿಯಾನೊ ಫೆರ್ನಾಂಡಿಸ್ ತೀರ್ಪನ್ನು ಪ್ರತಿಯೊಂದು ಸಮಿತಿಯ ಸದಸ್ಯರೂ ಓದಬೇಕು. ಗೋವಾ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಮೇಲೆ 2009ರಲ್ಲಿ ಬಂದ ದೂರುಗಳ ವಿಚಾರಣೆಯನ್ನು ಸಮಿತಿಯು ಎರಡು ತಿಂಗಳೂ ತುಂಬದ ಅವಧಿಯಲ್ಲಿ 18 ಸಭೆ ನಡೆಸಿ ಅವಸರದಲ್ಲಿ ಮುಗಿಸಿತ್ತು. ಉತ್ತರ ಕೊಡಲು ಸಾಕಷ್ಟು ಅವಕಾಶ ಸಿಗಲಿಲ್ಲವೆಂದು ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿ, ವಿಷಯವನ್ನು ಮತ್ತೆ ಸಮಿತಿಗೇ ಕಳಿಸಿತು. 14 ವರ್ಷಗಳ ನಂತರ! ದೂರು ಕೊಟ್ಟವರು ಆ ದಿನ ಏನು ಅನುಭವಿಸಿರಬೇಕು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. 30 ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳ ಪೈಕಿ 16ರಲ್ಲಿ ಆಂತರಿಕ ದೂರು ಸಮಿತಿಯೇ ಇಲ್ಲವೆಂಬ ಪತ್ರಿಕಾ ವರದಿಯನ್ನು ಅದೇ ತೀರ್ಪು ಉಲ್ಲೇಖಿಸಿದೆ. ಕುಸ್ತಿಪಟುಗಳು ಜಂತರ್ ಮಂತರ್‌ನಲ್ಲಿ ಕೂತಿದ್ದ ದಿನಗಳವು.

ಎದುರಾಳಿಯನ್ನು ಪ್ರಶ್ನಿಸುವ ಹಕ್ಕಿನ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿನಡಿ 2020ರಲ್ಲಿ ಬಂದ ನಿಯಮಗಳು, ಕಾಲೇಜು ವಿಚಾರಣೆಯಲ್ಲಿ ಎರಡೂ ಕಡೆಯ ಸಲಹೆಗಾರರು ನೇರ ಪಾಟೀಸವಾಲು ಮಾಡಬೇಕೆಂದವು. ನನಗೆ ಅದು ಒಪ್ಪಿಗೆಯಿಲ್ಲ. ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 1973ರಲ್ಲೇ, ಹಾಸ್ಟೆಲ್ಲಿನ ವಿದ್ಯಾರ್ಥಿನಿಯರನ್ನು ಆರೋಪಿತ ಹುಡುಗರ ಎದುರು ನಿಲ್ಲಿಸಬೇಕಾಗಿಲ್ಲ, ಸಹಜ ನ್ಯಾಯದ ನಿಯಮಗಳು ಸಂದರ್ಭಕ್ಕೆ ತಕ್ಕಂತಿರಬೇಕು ಎಂದಿದೆ. ಪ್ರಶ್ನೆಗಳನ್ನು ಬರೆದು ಕೊಟ್ಟು ಅಧ್ಯಕ್ಷೆಯ ಬಾಯಿಂದ ಕೇಳಿಸುವುದು ನನಗೆ ಕಂಡ ಒಳ್ಳೆಯ ದಾರಿ; ಹುಡುಗನ ಎರಡನೆಯ ವಿಚಾರಣೆಯಲ್ಲಿ ಹಾಗೆಯೇ ಮಾಡಿದರು. ಆದರೆ ಅಮೆರಿಕದ ಆ ನಿಯಮದಿಂದ ಒಂದನ್ನು ಎರವಲು ತರಬಹುದು: ಪಕ್ಕದಲ್ಲಿ ಕೂರಲು ಒಬ್ಬ ಜೊತೆಗಾರರು. ನಮ್ಮಲ್ಲಿ ವಕೀಲರಿಗೆ ಪ್ರವೇಶವಿಲ್ಲ, ಅದು ಸರಿ. ಆದರೆ ಬಾಯಿ ತೆರೆಯದೆ ಕೂರುವ ಹಿರಿಯರನ್ನು ಬಿಡುವುದರಿಂದ ಯಾರಿಗೇನು ನಷ್ಟ? ಎರಡೂ ಕಡೆ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಎರಡನೆಯ ಸಂಸ್ಥೆಯಲ್ಲಂತೂ ವರಾಂಡಾದಲ್ಲಿ ಒಂದೇ ಸ್ಟೀಲ್ ಬೆಂಚು. ಅದರ ಈ ತುದಿಯಲ್ಲಿ ನಾನು ಮತ್ತು ಹುಡುಗ, ಆ ತುದಿಯಲ್ಲಿ ಆ ಹುಡುಗಿ ಮತ್ತು ಅವಳ ತಾಯಿ, ಒಂದೂವರೆ ತಾಸು. ನಾನು ಹುಡುಗನನ್ನು ಎಬ್ಬಿಸಿ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ಬೇವಿನ ಮರದಡಿ ನಿಲ್ಲಿಸಿದೆ. ಇಬ್ಬರಿಗೂ ಬೇರೆ ಬೇರೆ ಹೊತ್ತು ಕೊಡಲು ದುಡ್ಡು ಬೇಕಾಗಿರಲಿಲ್ಲ.

ಅಂಕ ಕೊಡಲೇಬೇಕೆಂದರೆ ಮೊದಲ ಸಂಸ್ಥೆಗೆ ಐದರಲ್ಲಿ ಮೂರು ಕೊಡುತ್ತೇನೆ. ಅದು ಅಧ್ಯಕ್ಷೆಯವರ ತಾಳ್ಮೆಗೆ, ಮತ್ತು 86ನೇ ದಿನ ವರದಿಯನ್ನು ಹುಡುಗಿಯ ಕೈಗಿತ್ತುದಕ್ಕೆ. ಆ ತರಬೇತುದಾರನ ಗುತ್ತಿಗೆಯನ್ನು ಕೊನೆಗೊಳಿಸಿದರು. ಎರಡನೆಯದಕ್ಕೆ ಒಂದೂವರೆ. ದೂರು ಕೊಡುವ ಮಕ್ಕಳಿಗೆ ನನ್ನ ಸಲಹೆಯೆಂದರೆ, ಆವಕ ಸಂಖ್ಯೆಯಿರುವ ಸ್ವೀಕೃತಿ ಪಡೆಯದೆ ಕಿಟಕಿ ಬಿಟ್ಟು ಕದಲಬೇಡಿ. ದೂರಿಗೆ ಒಳಗಾದವರು ಕೂಡ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ, ದೂರುದಾರರ ಗೆಳೆಯರಿಗಾಗಲಿ ಮನೆಯವರಿಗಾಗಲಿ ಒಂದು ಫೋನನ್ನೂ ಮಾಡಬೇಡಿ. ಆರೋಪ ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರನ್ನು ಸುಳ್ಳೆಂದು ಶಿಕ್ಷಿಸುವಂತಿಲ್ಲ ಎಂದು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಹೆದರಿಸುವವರಿಗೆ ಇದನ್ನು ತೋರಿಸಿ.

ಹೋದ ತಿಂಗಳು ಬೇರೆ ಕೆಲಸಕ್ಕೆಂದು ಮೊದಲ ಸಂಸ್ಥೆಗೆ ಹೋಗಿದ್ದಾಗ ವ್ಯಾಯಾಮಶಾಲೆಯ ಬಾಗಿಲಲ್ಲಿ ಸಮಿತಿಯ ಫಲಕ ಹಾಕಿದ್ದನ್ನು ಕಂಡೆ. ನಾವು ದೂರು ಕೊಟ್ಟಾಗ ಅದು ಇರಲಿಲ್ಲ. ಅದರಲ್ಲಿರುವ ಮೂವರು ವಿದ್ಯಾರ್ಥಿ ಸದಸ್ಯರಲ್ಲಿ ಇಬ್ಬರು ಓದು ಮುಗಿಸಿ ಊರಿಗೆ ಹೋಗಿಯಾಗಿದೆ ಎಂದು ಅಲ್ಲೇ ಕಸರತ್ತು ಮಾಡುತ್ತಿದ್ದ ಹುಡುಗಿಯರು ಹೇಳಿದರು. ಕೆಳಗೆ ಬರೆದಿದ್ದ ದೂರವಾಣಿ ಸಂಖ್ಯೆಗೆ ಅಲ್ಲೇ ನಿಂತು ಕರೆ ಮಾಡಿದೆ. ಮೂರನೇ ರಿಂಗಿಗೆ ಅಧ್ಯಕ್ಷೆಯವರೇ ಎತ್ತಿದರು, ಹೆಸರುಗಳನ್ನು ಬದಲಾಯಿಸಿ ಎಂದೆ, ಬರೆದುಕೊಂಡರು.